ಡ್ರೈವ್ ಕಾಣಿಸುತ್ತಿಲ್ಲವೇ? ಎಲ್ಲಿ ಸಿಕ್ಕಿಕೊಂಡಿದೆ ಎಂದು ಮೊದಲು ಪತ್ತೆ ಮಾಡಿ

“ಹೊಸ ಎಸ್‌ಎಸ್‌ಡಿ ಹಾಕಿದೆ, ಎಲ್ಲೂ ತೋರಿಸುತ್ತಿಲ್ಲ.” “ನಿನ್ನೆವರೆಗೂ ಇದ್ದ ಡಿ ಡ್ರೈವ್ ಇವತ್ತು ಮಾಯ.” “ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಲೈಟ್ ಉರಿಯುತ್ತೆ, ಫೈಲ್ ಮಾತ್ರ ತೆರೆಯಲ್ಲ.” ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳಿವು. ಮೂರಕ್ಕೂ ಬೇರೆ ಬೇರೆ ಉತ್ತರ ಇರಬಹುದು, ಆದರೆ ಉತ್ತರ ಹುಡುಕುವ ದಾರಿ ಒಂದೇ.

ಒಂದು ಡ್ರೈವ್ ನಿಮ್ಮ ಕಣ್ಣಿಗೆ ಬೀಳುವ ಮೊದಲು ನಾಲ್ಕು ಮೆಟ್ಟಿಲು ಹತ್ತಿ ಬರಬೇಕು. ಮೊದಲು ಅದಕ್ಕೆ ವಿದ್ಯುತ್ ಸಿಗಬೇಕು. ಆಮೇಲೆ ಮದರ್‌ಬೋರ್ಡ್, ಅಂದರೆ ಯಂತ್ರದ ಭಾಗಗಳೆಲ್ಲ ಜೋಡಣೆಯಾಗುವ ಮುಖ್ಯ ಫಲಕ, ಅದನ್ನು ಗುರುತಿಸಬೇಕು. ನಂತರ ವಿಂಡೋಸ್ ಗುರುತಿಸಬೇಕು. ಕೊನೆಗೆ ಅದರೊಳಗಿನ ಫೈಲ್ ಸಿಸ್ಟಂ, ಅಂದರೆ ಫೈಲುಗಳನ್ನು ಎಲ್ಲೆಲ್ಲಿ ಇಟ್ಟಿದೆ ಎಂಬ ಲೆಕ್ಕದ ವ್ಯವಸ್ಥೆ, ಓದಲು ಬರುವಂತಿರಬೇಕು. “ದಿಸ್ ಪಿಸಿ” ತೆರೆದಾಗ ಕಂಡು, ಸರಿಯಾಗಿ ತೆರೆದುಕೊಳ್ಳುವುದು ಈ ನಾಲ್ಕೂ ದಾಟಿ ಬಂದ ಡ್ರೈವ್ ಮಾತ್ರ. ಹಾಗಾಗಿ “ಕಾಣುತ್ತಿಲ್ಲ” ಎಂದ ತಕ್ಷಣ “ಕೆಟ್ಟಿದೆ” ಎಂದುಕೊಳ್ಳಬೇಡಿ. ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಶುರು ಮಾಡುವ ಮೊದಲು

ಡ್ರೈವಿನಲ್ಲಿ ನಿಮಗೆ ಬೇಕಾದ ಫೋಟೊ, ದಾಖಲೆ ಏನಾದರೂ ಇದೆಯೇ? ಇದ್ದರೆ ಮೂರು ಕೆಲಸ ಮಾಡಲೇಬೇಡಿ: ಇನಿಶಿಯಲೈಸ್ (ಹೊಸ ಡ್ರೈವನ್ನು ಬಳಕೆಗೆ ಅಣಿಗೊಳಿಸುವ ಆಜ್ಞೆ) ಕೊಡಬೇಡಿ, ಫಾರ್ಮ್ಯಾಟ್ ಕೊಡಬೇಡಿ, ಚೆಕ್‌ಡಿಸ್ಕ್ (ಡ್ರೈವಿನ ದೋಷ ಹುಡುಕಿ ತಿದ್ದುವ ವಿಂಡೋಸ್‌ನ ಸಾಧನ) ಓಡಿಸಬೇಡಿ. ಮೊದಲೆರಡೂ ಡ್ರೈವಿನ ಹಳೆಯ ಲೆಕ್ಕವನ್ನು ಅಳಿಸಿ ಹೊಸದಾಗಿ ಬರೆಯುತ್ತವೆ. ಮೂರನೆಯದು ಹಾಳಾದ ಲೆಕ್ಕವನ್ನು ತನಗೆ ತೋಚಿದಂತೆ ತಿದ್ದುತ್ತದೆ. ಸಾಯುತ್ತಿರುವ ಡ್ರೈವಿನ ಮೇಲೆ ಗಂಟೆಗಟ್ಟಲೆ ಓಡಿ ಇರುವ ಅಲ್ಪ ಆಯುಸ್ಸನ್ನೂ ಮುಗಿಸಬಹುದು.

ಎಸ್‌ಎಸ್‌ಡಿಯಲ್ಲಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ದತ್ತಾಂಶ ಇಡುವ ಡ್ರೈವಿನಲ್ಲಿ, ಈ ಎಚ್ಚರ ಇನ್ನೂ ಹೆಚ್ಚು ಬೇಕು. ಹಳೆಯ ಹಾರ್ಡ್ ಡಿಸ್ಕನ್ನು ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಫೈಲುಗಳು ಒಳಗೆ ಹಾಗೇ ಇರುತ್ತವೆ, ರಿಕವರಿ ತಂತ್ರಾಂಶದಿಂದ ಎಷ್ಟೋ ಬಾರಿ ತೆಗೆಯಬಹುದು. ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಆದ ಕೂಡಲೇ ವಿಂಡೋಸ್ “ಈ ಜಾಗವೆಲ್ಲ ಖಾಲಿ” ಎಂದು ಡ್ರೈವಿಗೆ ತಿಳಿಸಿಬಿಡುತ್ತದೆ. ಇದಕ್ಕೆ ಟ್ರಿಮ್ ಎನ್ನುತ್ತಾರೆ. ಡ್ರೈವ್ ತನ್ನ ಪಾಡಿಗೆ ಆ ಜಾಗ ಒರೆಸಿಹಾಕುತ್ತದೆ. ಆಮೇಲೆ ಯಾರ ಕೈಯಲ್ಲೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ಕೈಯಲ್ಲಿ ಇರಬೇಕಾದದ್ದು ಇಷ್ಟು: ಒಂದು ಸ್ಟಾರ್ ಸ್ಕ್ರೂಡ್ರೈವರ್, ಕೆಲಸ ಮಾಡುತ್ತದೆ ಎಂದು ಖಾತ್ರಿಯಿರುವ ಇನ್ನೊಂದು ಸಾಟಾ ಕೇಬಲ್ (ಒಳಗಿನ ಡ್ರೈವನ್ನು ಮದರ್‌ಬೋರ್ಡಿಗೆ ಜೋಡಿಸುವಂಥದ್ದು) ಅಥವಾ ಯುಎಸ್‌ಬಿ ಕೇಬಲ್, ಸಾಧ್ಯವಾದರೆ ಇನ್ನೊಂದು ಕಂಪ್ಯೂಟರ್, ಮತ್ತು ನಿಮ್ಮ ಮದರ್‌ಬೋರ್ಡಿನ ಕೈಪಿಡಿ. ಕೈಪಿಡಿ ಕಳೆದುಹೋಗಿದ್ದರೆ ತಯಾರಕರ ತಾಣದಲ್ಲಿ ಮಾದರಿಯ ಹೆಸರು ಹಾಕಿ ಹುಡುಕಿ ಇಳಿಸಿಕೊಳ್ಳಿ. ಮುಂದೆ ಎರಡು ಕಡೆ ಅದು ಬೇಕೇ ಬೇಕು.

ಹಂತ 1: ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಹಚ್ಚಿ

ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಚಾಲೂ ಇದ್ದರೆ, ಶಟ್‌ಡೌನ್ ಒತ್ತಿದರೂ ಯಂತ್ರ ತನ್ನ ಸ್ಥಿತಿಯ ಒಂದು ಭಾಗವನ್ನು ಉಳಿಸಿಟ್ಟುಕೊಂಡೇ ಮಲಗುತ್ತದೆ. ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಕೊಟ್ಟರೆ ಪೂರ್ತಿ ಆರುತ್ತದೆ. ಆಮೇಲೆ ಪ್ಲಗ್ ಕಿತ್ತು ಅರ್ಧ ನಿಮಿಷ ಬಿಟ್ಟು ಹಚ್ಚಿ. ಸರಿಹೋದರೆ ಒಳ್ಳೆಯದು. ಇಲ್ಲದಿದ್ದರೆ ಇದನ್ನೇ ಮತ್ತೆ ಮತ್ತೆ ಮಾಡುತ್ತ ಕೂರಬೇಡಿ.

ಹಂತ 2: ಡಿಸ್ಕ್ ಮ್ಯಾನೇಜ್‌ಮೆಂಟ್ ನೋಡಿ

ಕಂಪ್ಯೂಟರ್ ಚಾಲೂ ಆಗುತ್ತಿದ್ದರೆ, ಸ್ಕ್ರೂ ಬಿಚ್ಚುವ ಮೊದಲು ಇಲ್ಲಿಗೆ ಬನ್ನಿ. ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿ, ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಆರಿಸಿ. ಕೆಳಗಿನ ಅರ್ಧದಲ್ಲಿ ಡಿಸ್ಕ್ 0, ಡಿಸ್ಕ್ 1 ಎಂದು ಸಾಲುಗಳು ಕಾಣುತ್ತವೆ. ಪ್ರತಿ ಸಾಲಿನ ಎಡಗಡೆಯ ಚೌಕದಲ್ಲಿ ಡ್ರೈವಿನ ಗಾತ್ರ ಬರೆದಿರುತ್ತದೆ. ಅದನ್ನು ನೋಡಿ ನಿಮ್ಮ ಡ್ರೈವ್ ಯಾವುದೆಂದು ಗುರುತಿಸಿ. 1 ಟಿಬಿ ಡ್ರೈವ್ 931 ಜಿಬಿ ಎಂದು ಕಂಡರೆ ಗಾಬರಿ ಬೇಡ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ ವ್ಯತ್ಯಾಸ.

ನಿಮ್ಮ ಡ್ರೈವ್ ಈ ಪಟ್ಟಿಯಲ್ಲಿದ್ದರೆ ವಿದ್ಯುತ್ತೂ ಸಿಕ್ಕಿದೆ, ಮದರ್‌ಬೋರ್ಡೂ ಗುರುತಿಸಿದೆ. ತೊಂದರೆ ಇರುವುದು ಹೆಚ್ಚಾಗಿ ಕೊನೆಯ ಮೆಟ್ಟಿಲಲ್ಲಿ. ಇನ್ನು ಸಾಲಿನಲ್ಲಿ ಏನು ಬರೆದಿದೆ ಎಂಬುದನ್ನು ಗಮನವಿಟ್ಟು ಓದಿ.

ನೀಲಿ ಪಟ್ಟಿ, “ಹೆಲ್ದಿ” ಎಂಬ ಬರಹ ಇದೆ, ಆದರೆ ಅಕ್ಷರ ಇಲ್ಲ: ಇದು ಅತ್ಯಂತ ಸುಲಭದ್ದು. ಆ ಭಾಗದ ಮೇಲೆ ರೈಟ್ ಕ್ಲಿಕ್ ಮಾಡಿ “ಚೇಂಜ್ ಡ್ರೈವ್ ಲೆಟರ್ ಆಂಡ್ ಪಾತ್ಸ್” ಆರಿಸಿ, “ಆಡ್” ಒತ್ತಿ ಒಂದು ಅಕ್ಷರ ಕೊಡಿ. ಡಿ, ಇ ಬದಲು ಪಿ ಅಥವಾ ಎಸ್‌ನಂಥ ದೂರದ ಅಕ್ಷರ ಕೊಟ್ಟರೆ ಪೆನ್ ಡ್ರೈವ್ ಜತೆ ತಿಕ್ಕಾಟ ಬರುವುದಿಲ್ಲ. ಇಎಫ್‌ಐ ಸಿಸ್ಟಂ, ರಿಕವರಿ ಎಂದು ಬರೆದಿರುವ ಸಣ್ಣ ಭಾಗಗಳಿಗೆ ಅಕ್ಷರವೇ ಇರುವುದಿಲ್ಲ, ಇರಬಾರದು ಕೂಡ. ಅವನ್ನು ಮುಟ್ಟಬೇಡಿ.

ಕಪ್ಪು ಪಟ್ಟಿ, “ಅನ್‌ಅಲೊಕೇಟೆಡ್”: ಜಾಗ ಇದೆ, ಭಾಗ ಮಾಡಿಲ್ಲ ಎಂದರ್ಥ. ಡ್ರೈವ್ ಹೊಸದಾದರೆ ರೈಟ್ ಕ್ಲಿಕ್ ಮಾಡಿ “ನ್ಯೂ ಸಿಂಪಲ್ ವಾಲ್ಯೂಮ್” ಕೊಟ್ಟು ಮುಂದುವರಿಯಿರಿ. ಹಳೆಯ ಡ್ರೈವ್ ಹೀಗೆ ಕಂಡರೆ ನಿಲ್ಲಿ. ಅದರ ವಿಭಾಗಪಟ್ಟಿ ಅಳಿಸಿಹೋಗಿದೆ, ಫೈಲುಗಳು ಇನ್ನೂ ಇರಬಹುದು. ಏನನ್ನೂ ಬರೆಯದೆ ನೇರವಾಗಿ ರಿಕವರಿ ಕಡೆ ಹೋಗಿ.

“ನಾಟ್ ಇನಿಶಿಯಲೈಸ್ಡ್”: ಹೊಸ ಡ್ರೈವ್ ಹೀಗೇ ಬರುತ್ತದೆ. ಇನಿಶಿಯಲೈಸ್ ಕೊಟ್ಟಾಗ ಎಂಬಿಆರ್ ಬೇಕೋ ಜಿಪಿಟಿ ಬೇಕೋ ಎಂದು ವಿಂಡೋಸ್ ಕೇಳುತ್ತದೆ. ಡ್ರೈವಿನ ವಿಭಾಗಗಳ ಪಟ್ಟಿಯನ್ನು ಬರೆದಿಡುವ ಎರಡು ವಿಧಾನಗಳಿವು. ಹಳೆಯದಾದ ಎಂಬಿಆರ್ ಸುಮಾರು 2 ಟಿಬಿ ಆಚೆಗಿನ ಜಾಗವನ್ನು ಬಳಸಲಾರದು. ಈಗಿನ ಯಂತ್ರಗಳಿಗೆ ಜಿಪಿಟಿಯನ್ನೇ ಆರಿಸಿ. “4 ಟಿಬಿ ಡ್ರೈವ್ ತಂದೆ, ಅರ್ಧ ಜಾಗ ಬಳಸಲು ಬಿಡುತ್ತಿಲ್ಲ” ಎಂಬ ದೂರಿನ ಹಿಂದೆ ಇರುವುದು ಹೆಚ್ಚಾಗಿ ಈ ಒಂದು ತಪ್ಪು ಆಯ್ಕೆಯೇ.

“ಆಫ್‌ಲೈನ್”: ಎಡಗಡೆಯ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ “ಆನ್‌ಲೈನ್” ಕೊಡಿ. ಒಂದು ಡ್ರೈವನ್ನು ಇನ್ನೊಂದಕ್ಕೆ ತದ್ರೂಪಿ ನಕಲು ಮಾಡಿ ಎರಡನ್ನೂ ಒಟ್ಟಿಗೆ ಸಿಕ್ಕಿಸಿದಾಗ, ಎರಡರ ಗುರುತಿನ ಸಂಖ್ಯೆಯೂ ಒಂದೇ ಆಗಿ ವಿಂಡೋಸ್ ಒಂದನ್ನು ಬದಿಗಿಡುತ್ತದೆ. ನಕಲು ಮಾಡಿದ್ದೀರಾದರೆ ಹಳೆಯದನ್ನು ಕಳಚಿಟ್ಟು ಹೊಸದರಿಂದ ಮಾತ್ರ ಯಂತ್ರ ಹಚ್ಚಿ ನೋಡಿ.

“ರಾ”: ವಿಭಾಗ ಇದೆ, ಒಳಗಿನ ಫೈಲ್ ಸಿಸ್ಟಂ ವಿಂಡೋಸ್‌ಗೆ ಅರ್ಥವಾಗುತ್ತಿಲ್ಲ. “ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು” ಎಂಬ ಪೆಟ್ಟಿಗೆ ತೆರೆದುಕೊಳ್ಳುವುದೂ ಇಂಥ ಹೊತ್ತಿನಲ್ಲೇ. ದಯವಿಟ್ಟು ಕ್ಯಾನ್ಸಲ್ ಒತ್ತಿ. ಆ ಪೆಟ್ಟಿಗೆಯ ಮಾತು ಕೇಳಿ ವರ್ಷಗಳ ಫೋಟೊ ಕಳೆದುಕೊಂಡವರು ಬಹಳ ಮಂದಿ. ಡ್ರೈವನ್ನು ಮ್ಯಾಕ್ ಅಥವಾ ಲಿನಕ್ಸ್ ಯಂತ್ರದಲ್ಲಿ ಬಳಸಿದ್ದರೆ ಅದು ಕೆಟ್ಟೇ ಇಲ್ಲ. ಮ್ಯಾಕ್‌ನ ಎಪಿಎಫ್‌ಎಸ್, ಲಿನಕ್ಸ್‌ನ ಇಎಕ್ಸ್‌ಟಿ4 ಎರಡನ್ನೂ ವಿಂಡೋಸ್ ತಾನಾಗಿ ಓದುವುದಿಲ್ಲ. ಮೊದಲಿನ ಯಂತ್ರಕ್ಕೇ ಸಿಕ್ಕಿಸಿ ನೋಡಿ.

ಡ್ರೈವ್ ಐಕಾನ್ ಮೇಲೆ ಬೀಗದ ಚಿಹ್ನೆ ಇದ್ದರೆ ಅದು ಬಿಟ್‌ಲಾಕರ್, ಅಂದರೆ ವಿಂಡೋಸ್‌ನ ಗೂಢಲಿಪೀಕರಣ. ಪಾಸ್‌ವರ್ಡ್ ಅಥವಾ 48 ಅಂಕಿಗಳ ರಿಕವರಿ ಕೀ ಬೇಕು. ಅನೇಕ ಸಲ ಈ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಉಳಿದಿರುತ್ತದೆ.

ಗಾತ್ರ ಸೊನ್ನೆ, ಅಥವಾ ಕೆಲವೇ ಎಂಬಿ, ಅಥವಾ “ನೋ ಮೀಡಿಯಾ” ಎಂದು ಬಂದರೆ ಸುದ್ದಿ ಒಳ್ಳೆಯದಲ್ಲ. ಡ್ರೈವಿನೊಳಗಿನ ನಿಯಂತ್ರಕ ಚಿಪ್‌ಗೆ ತನ್ನ ಸಂಗ್ರಹವನ್ನೇ ಮುಟ್ಟಲಾಗುತ್ತಿಲ್ಲ. ಕೇಬಲ್ ಒಮ್ಮೆ ಬದಲಿಸಿ ನೋಡಿ. ಆಗಲೂ ಹಾಗೇ ಇದ್ದರೆ ಹಂತ 7ಕ್ಕೆ ಹೋಗಿ.

ಹಂತ 3: ಬಯಾಸ್‌ನಲ್ಲಿ ಇದೆಯೇ?

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೂ ಇಲ್ಲವೆಂದರೆ ಒಂದು ಮೆಟ್ಟಿಲು ಕೆಳಗಿಳಿಯೋಣ. ಬಯಾಸ್ ಅಥವಾ ಯುಇಎಫ್‌ಐ ಎಂದರೆ ವಿಂಡೋಸ್‌ಗಿಂತ ಮೊದಲು ಎದ್ದು ಯಂತ್ರದ ಭಾಗಗಳನ್ನೆಲ್ಲ ಎಣಿಸಿಕೊಳ್ಳುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ. ಹಚ್ಚಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ತಟ್ಟುತ್ತಿದ್ದರೆ ಅನೇಕ ಯಂತ್ರಗಳಲ್ಲಿ ತೆರೆಯುತ್ತದೆ. ಸಿಗದಿದ್ದರೆ ವಿಂಡೋಸ್‌ನೊಳಗಿಂದ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಎಂದು ಹೋಗಬಹುದು. ಬಿಟ್‌ಲಾಕರ್ ಇರುವ ಯಂತ್ರವಾದರೆ ಇಲ್ಲಿ ಏನನ್ನಾದರೂ ಬದಲಿಸುವ ಮೊದಲು ರಿಕವರಿ ಕೀ ಬರೆದಿಟ್ಟುಕೊಳ್ಳಿ. ಕೆಲವು ಬದಲಾವಣೆಗಳಿಗೆ ವಿಂಡೋಸ್ ಆ ಕೀ ಕೇಳಿಯೇ ಕೇಳುತ್ತದೆ.

ಇಲ್ಲಿ ಬಹಳ ಜನ ಎಡವುವುದು ಬೂಟ್ ಪಟ್ಟಿ, ಅಂದರೆ ಯಂತ್ರ ಯಾವ ಡ್ರೈವಿನಿಂದ ಏಳಬೇಕು ಎಂಬ ಪಟ್ಟಿ, ನೋಡಿಕೊಂಡು. ಬೂಟ್ ಪಟ್ಟಿಯಲ್ಲಿ ಬರುವುದು ಆಪರೇಟಿಂಗ್ ಸಿಸ್ಟಂ ಇರುವ ಡ್ರೈವ್‌ಗಳು. ಖಾಲಿ ಡ್ರೈವ್ ಅಲ್ಲಿ ಇಲ್ಲದಿರುವುದು ಸಹಜ. ನೀವು ನೋಡಬೇಕಾದದ್ದು ಸ್ಟೋರೇಜ್, ಸಾಟಾ ಕಾನ್ಫಿಗರೇಶನ್ ಅಥವಾ ಎನ್‌ವಿಎಂಇ ಕಾನ್ಫಿಗರೇಶನ್ ಎಂಬ ಪುಟ. ಅಲ್ಲಿ ಡ್ರೈವಿನ ಮಾದರಿ ಹೆಸರು ಇದ್ದರೆ ಜೋಡಣೆ ಸರಿಯಿದೆ. ಪಟ್ಟಿಯಲ್ಲಿ ಆ ಪೋರ್ಟ್ “ಡಿಸೇಬಲ್ಡ್” ಎಂದಿದ್ದರೆ “ಎನೇಬಲ್ಡ್” ಮಾಡಿ.

ಇನ್ನೊಂದು ವಿಷಯ ಕೈಪಿಡಿ ನೋಡದೆ ಗೊತ್ತಾಗುವುದಿಲ್ಲ. ಅನೇಕ ಮದರ್‌ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್ (ತೆಳು ಪಟ್ಟಿಯಂಥ ಎಸ್‌ಎಸ್‌ಡಿ ಕೇಬಲ್ ಇಲ್ಲದೆ ನೇರವಾಗಿ ಕೂರುವ ಜಾಗ) ಮತ್ತು ಒಂದೆರಡು ಸಾಟಾ ಪೋರ್ಟ್ ಒಂದೇ ದತ್ತಾಂಶ ಮಾರ್ಗವನ್ನು ಹಂಚಿಕೊಂಡಿರುತ್ತವೆ. ಎಂ.2 ಸ್ಲಾಟಿಗೆ ಹೊಸ ಎಸ್‌ಎಸ್‌ಡಿ ಹಾಕಿದ ಕೂಡಲೇ ಹಳೆಯ ಹಾರ್ಡ್ ಡಿಸ್ಕ್ ಮಾಯವಾಯಿತೇ? ಡಿಸ್ಕ್ ಕೆಟ್ಟಿಲ್ಲ, ಅದರ ಪೋರ್ಟ್ ಮುಚ್ಚಿಹೋಗಿದೆ. ಕೇಬಲನ್ನು ಬೇರೆ ಸಾಟಾ ಪೋರ್ಟಿಗೆ ಬದಲಿಸಿದರೆ ಆಯಿತು.

ಹಂತ 4: ಪೆಟ್ಟಿಗೆ ತೆರೆದು ಕೇಬಲ್ ನೋಡಿ

ಬಯಾಸ್‌ನಲ್ಲೂ ಇಲ್ಲದಿದ್ದರೆ ಈಗ ಸ್ಕ್ರೂಡ್ರೈವರ್ ಹಿಡಿಯಿರಿ. ಯಂತ್ರ ಆರಿಸಿ, ಪವರ್ ಸಪ್ಲೈ ಹಿಂದಿನ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ವಿದ್ಯುತ್ತು ಖಾಲಿಯಾಗುತ್ತದೆ. ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಯ ಸ್ಥಾಯೀ ವಿದ್ಯುತ್ತು ಅಲ್ಲಿ ಇಳಿದುಹೋಗಲಿ.

ಸಾಟಾ ಡ್ರೈವಿಗೆ ಎರಡು ತುದಿ ಬರುತ್ತವೆ. ಅಗಲದ್ದು 15 ಸಂಪರ್ಕಗಳಿರುವ ವಿದ್ಯುತ್ ತುದಿ, ಕಿರಿದಾದದ್ದು 7 ಸಂಪರ್ಕಗಳಿರುವ ದತ್ತಾಂಶದ ತುದಿ. ಎರಡನ್ನೂ ಎರಡೂ ಕಡೆ ಕಳಚಿ, ಒಳಗೆ ಧೂಳು, ಬಾಗಿದ ಪ್ಲಾಸ್ಟಿಕ್ ಇದೆಯೇ ನೋಡಿ ಮತ್ತೆ ನೇರವಾಗಿ ಒತ್ತಿ ಕೂರಿಸಿ. ದತ್ತಾಂಶದ ಕೇಬಲ್ ನೋಡಲು ಸರಿಯಾಗಿದ್ದು ಒಳಗೆ ಕೆಟ್ಟಿರುವುದು ತೀರಾ ಮಾಮೂಲು. ಆದ್ದರಿಂದ ಅಲುಗಾಡಿಸಿ ಸಮಾಧಾನಪಡಬೇಡಿ, ಖಾತ್ರಿಯಿರುವ ಕೇಬಲ್ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ: ಮೊದಲು ಕೇಬಲ್, ಆಮೇಲೆ ಪೋರ್ಟ್, ಆಮೇಲೆ ವಿದ್ಯುತ್ ತುದಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ದೋಷ ಎಲ್ಲಿತ್ತೆಂದು ತಿಳಿಯುವುದೇ ಇಲ್ಲ.

ಹಾರ್ಡ್ ಡಿಸ್ಕ್ ಆದರೆ ಯಂತ್ರ ಹಚ್ಚುವಾಗ ಅದರ ಪಕ್ಕಕ್ಕೆ ಬೆರಳು ತಾಗಿಸಿಕೊಂಡಿರಿ. ಒಳಗಿನ ತಟ್ಟೆ ತಿರುಗತೊಡಗಿದಾಗ ಸಣ್ಣ ನಡುಕ ಬೆರಳಿಗೆ ತಿಳಿಯುತ್ತದೆ, ಆಮೇಲೆ ಅದು ಒಂದೇ ಸಮನೆಯ ಗುಂಯ್ ಎಂಬ ಸದ್ದಾಗಿ ನೆಲೆಯಾಗುತ್ತದೆ. ಏನೂ ತಿಳಿಯದಿದ್ದರೆ ವಿದ್ಯುತ್ ತಲುಪುತ್ತಿಲ್ಲ, ಅಥವಾ ಮೋಟಾರು ತಿರುಗುತ್ತಿಲ್ಲ.

ಒಂದು ಅಪಾಯವನ್ನು ಒತ್ತಿ ಹೇಳಬೇಕು. ಪವರ್ ಸಪ್ಲೈನಿಂದ ಕೇಬಲ್ ಬಿಡಿಸಿ ತೆಗೆಯಬಹುದಾದ ಮಾಡ್ಯುಲರ್ ಮಾದರಿ ನಿಮ್ಮದಾದರೆ, ಬೇರೆ ಪವರ್ ಸಪ್ಲೈನ ಕೇಬಲನ್ನು ಎಂದೂ ಇದಕ್ಕೆ ಹಾಕಬೇಡಿ. ತುದಿ ಸಲೀಸಾಗಿ ಕೂರುತ್ತದೆ, ಆದರೆ ಒಳಗಿನ ತಂತಿಗಳ ಕ್ರಮ ತಯಾರಕರಿಂದ ತಯಾರಕರಿಗೆ, ಕೆಲವೊಮ್ಮೆ ಮಾದರಿಯಿಂದ ಮಾದರಿಗೆ ಬೇರೆ. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋದರೆ ಡ್ರೈವ್ ಹಚ್ಚಿದ ಕ್ಷಣದಲ್ಲೇ ಸುಡುತ್ತದೆ.

ಹಂತ 5: ಎಂ.2 ಎಸ್‌ಎಸ್‌ಡಿ ಆದರೆ

ಎಂ.2 ಎನ್ನುವುದು ಆಕಾರದ ಹೆಸರು. ಅದೇ ಆಕಾರದಲ್ಲಿ ಎರಡು ಜಾತಿಯ ಡ್ರೈವ್ ಬರುತ್ತವೆ: ಸಾಟಾ ಭಾಷೆ ಆಡುವುದು ಮತ್ತು ಅದಕ್ಕಿಂತ ಬಲು ವೇಗದ ಎನ್‌ವಿಎಂಇ. ಕೆಲವು ಸ್ಲಾಟ್ ಎರಡನ್ನೂ ಒಪ್ಪುತ್ತವೆ, ಕೆಲವು ಒಂದನ್ನು ಮಾತ್ರ. ಕೂತಿತು ಎಂದ ಮಾತ್ರಕ್ಕೆ ಕೆಲಸ ಮಾಡಬೇಕೆಂದಿಲ್ಲ. ಸಂಪರ್ಕ ಅಂಚಿನಲ್ಲಿ ಎರಡು ಕಡೆ ಕಚ್ಚು ಇದ್ದರೆ ಅದು ಹೆಚ್ಚಾಗಿ ಸಾಟಾ, ಒಂದೇ ಕಚ್ಚು ಇದ್ದರೆ ಹೆಚ್ಚಾಗಿ ಎನ್‌ವಿಎಂಇ. ಇದಕ್ಕೆ ಅಪವಾದಗಳೂ ಇರುವುದರಿಂದ ಲೇಬಲ್ ಓದಿ, ಕೈಪಿಡಿಯಲ್ಲಿ ಆ ಸ್ಲಾಟ್ ಏನನ್ನು ಒಪ್ಪುತ್ತದೆ ಎಂದು ನೋಡಿ ಖಚಿತಪಡಿಸಿಕೊಳ್ಳಿ. ಪ್ರೊಸೆಸರ್‌ಗೆ ನೇರ ಜೋಡಿಸಿದ ಸ್ಲಾಟ್‌ಗಳು ಕೆಲವು ಹಳೆಯ ಪ್ರೊಸೆಸರ್ ಹಾಕಿದಾಗ ಕೆಲಸವೇ ಮಾಡುವುದಿಲ್ಲ. ಅದನ್ನೂ ಕೈಪಿಡಿಯೇ ಹೇಳುತ್ತದೆ.

ಕೂರಿಸುವಾಗ ಸುಮಾರು 30 ಡಿಗ್ರಿ ಓರೆಯಲ್ಲಿ ಒಳಗೆ ತಳ್ಳಬೇಕು. ಚಿನ್ನದ ಬಣ್ಣದ ಸಂಪರ್ಕಗಳು ಇನ್ನೂ ಸಾಕಷ್ಟು ಹೊರಗೆ ಕಾಣುತ್ತಿದ್ದರೆ ಪೂರ್ತಿ ಹೋಗಿಲ್ಲ. ಪೂರ್ತಿ ಹೋದ ಮೇಲೆ ಬಿಟ್ಟರೆ ಇನ್ನೊಂದು ತುದಿ ತಾನಾಗಿ ಸ್ವಲ್ಪ ಮೇಲೆದ್ದು ನಿಲ್ಲುತ್ತದೆ. ಅದನ್ನು ಒತ್ತಿ ಸ್ಕ್ರೂ ಬಿಗಿಯಿರಿ. ಸ್ಕ್ರೂ ಇಲ್ಲದೆ ಬಿಟ್ಟ ಡ್ರೈವ್ ಒಂದು ದಿನ ಕಂಡು ಇನ್ನೊಂದು ದಿನ ಕಾಣೆಯಾಗುತ್ತದೆ.

ವಿಂಡೋಸ್ ಹೊಸದಾಗಿ ಹಾಕುವಾಗ ಮಾತ್ರ “ಯಾವ ಡ್ರೈವೂ ಸಿಗಲಿಲ್ಲ” ಎಂದು ಬರುತ್ತಿದೆಯೇ, ಬಯಾಸ್‌ನಲ್ಲಿ ಸರಿಯಾಗಿ ಕಾಣುತ್ತಿದೆಯೇ? ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಪ್ರೊಸೆಸರ್ ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇದು ದಿನನಿತ್ಯದ ಸಮಸ್ಯೆ. ಅಲ್ಲಿ ವಿಎಂಡಿ ಎಂಬ ನಿಯಂತ್ರಕ ಡ್ರೈವಿಗೂ ವಿಂಡೋಸ್‌ಗೂ ನಡುವೆ ಕೂತಿರುತ್ತದೆ, ಅದರ ಡ್ರೈವರ್ ಅನುಸ್ಥಾಪನಾ ಪೆನ್ ಡ್ರೈವಿನಲ್ಲಿ ಇರುವುದಿಲ್ಲ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಅದನ್ನು ಬಿಡಿಸಿ ಫೋಲ್ಡರ್ ಆಗಿ ಪೆನ್ ಡ್ರೈವಿಗೆ ಹಾಕಿ, “ಲೋಡ್ ಡ್ರೈವರ್” ಒತ್ತಿ ಆ ಫೋಲ್ಡರ್ ತೋರಿಸಿ. ಇಳಿಸಿದ ಕಡತವನ್ನು ಬಿಡಿಸದೆ ಹಾಗೇ ಇಟ್ಟರೆ ವಿಂಡೋಸ್‌ಗೆ ಏನೂ ಸಿಗುವುದಿಲ್ಲ.

ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡಿಬಿಡಿ ಎಂಬ ಸಲಹೆಯೂ ಓಡಾಡುತ್ತಿದೆ. ಖಾಲಿ ಯಂತ್ರವಾದರೆ ಸರಿ. ಈಗಾಗಲೇ ವಿಂಡೋಸ್ ನಡೆಯುತ್ತಿರುವ ಯಂತ್ರದಲ್ಲಿ ಅದನ್ನು ಬದಲಿಸಿದರೆ ಬೂಟ್ ಡ್ರೈವ್ ಸಿಗುತ್ತಿಲ್ಲವೆಂದು ನೀಲಿ ಪರದೆ ಬಂದು ನಿಲ್ಲಬಹುದು. ಹಾಗಾದರೆ ಹೆದರದೆ ಮೊದಲಿದ್ದಂತೆಯೇ ಮಾಡಿ, ಮತ್ತೆ ಏಳುತ್ತದೆ.

ಹಂತ 6: ಹೊರಗಿನಿಂದ ಚುಚ್ಚುವ ಡ್ರೈವ್

ಮೊದಲು ಕೇಬಲ್ ಅನುಮಾನಿಸಿ. ಯುಎಸ್‌ಬಿ ಸಿ ಕೇಬಲ್‌ಗಳಲ್ಲಿ ಚಾರ್ಜ್‌ಗೆ ಮಾತ್ರ ಬರುವಂಥವು ಬೇಕಾದಷ್ಟಿವೆ. ಲೈಟ್ ಉರಿಯುತ್ತದೆ, ದತ್ತಾಂಶ ಹರಿಯುವುದಿಲ್ಲ. ಎರಡನೆಯದು ವಿದ್ಯುತ್ತು. ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ 500 ಮಿಲಿಆಂಪಿಯರ್ ಕೊಡುತ್ತದೆ, 3.0 ಪೋರ್ಟ್ 900. ತಿರುಗಲು ಶುರುವಾಗುವ ಕ್ಷಣದಲ್ಲಿ ಹಾರ್ಡ್ ಡಿಸ್ಕ್ ಹೆಚ್ಚು ಎಳೆಯುತ್ತದೆ. ಹಬ್ ಮೂಲಕ, ಉದ್ದದ ಕೇಬಲ್ ಮೂಲಕ, ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಮೂಲಕ ಚುಚ್ಚಿದ್ದರೆ ಅದನ್ನೆಲ್ಲ ಬಿಟ್ಟು ಹಿಂಭಾಗದ, ಮದರ್‌ಬೋರ್ಡಿನಲ್ಲೇ ಇರುವ ಪೋರ್ಟಿಗೆ ಹಾಕಿ. 3.5 ಇಂಚಿನ ದೊಡ್ಡ ಡ್ರೈವಿಗೆ 12 ವೋಲ್ಟ್ ಬೇಕು, ಸಾಮಾನ್ಯ ಯುಎಸ್‌ಬಿ ಪೋರ್ಟ್ 5 ವೋಲ್ಟಷ್ಟೇ ಕೊಡುತ್ತದೆ. ಅದರ ಸ್ವಂತ ಅಡಾಪ್ಟರ್ ಇಲ್ಲದೆ ಅದು ಅಲುಗುವುದಿಲ್ಲ.

ಹೊರಕವಚದೊಳಗಿನ ಸಣ್ಣ ಪರಿವರ್ತಕ ಬೋರ್ಡ್ ಮಾತ್ರ ಕೆಟ್ಟು ಡ್ರೈವ್ ಚೆನ್ನಾಗಿರುವುದೂ ಉಂಟು. ಆಗ ಡ್ರೈವ್ ಹೊರತೆಗೆದು ನೇರ ಸಾಟಾಕ್ಕೆ ಜೋಡಿಸಿದರೆ ಕೆಲಸ ಮಾಡಬಹುದು. ಆದರೆ ಕೆಲವು ಮಾದರಿಗಳಲ್ಲಿ ಆ ಬೋರ್ಡೇ ದತ್ತಾಂಶವನ್ನು ಗೂಢಲಿಪಿಯಾಗಿಸುತ್ತದೆ, ಹೊರತೆಗೆದರೆ ಡ್ರೈವ್ ಖಾಲಿಯಂತೆ ಕಾಣುತ್ತದೆ. ಅಲ್ಲಿ ಇನಿಶಿಯಲೈಸ್ ಒತ್ತಿಬಿಟ್ಟರೆ ಕೆಲಸ ಕೆಟ್ಟಿತು. ಇನ್ನು ಕೆಲವು ಹೊರಗಿನ ಡ್ರೈವ್‌ಗಳಲ್ಲಿ ಯುಎಸ್‌ಬಿ ಡ್ರೈವಿನ ಬೋರ್ಡಿಗೇ ಬೆಸೆದಿರುತ್ತದೆ, ಸಾಟಾ ತುದಿಯೇ ಇರುವುದಿಲ್ಲ.

ಹಂತ 7: ಡ್ರೈವೇ ಕೆಟ್ಟಿದೆಯೇ?

ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ನೋಡುವುದೇ ನಂಬಿಕಸ್ಥ ಪರೀಕ್ಷೆ. ಅಲ್ಲಿ ಕಂಡರೆ ದೋಷ ನಿಮ್ಮ ಯಂತ್ರದ್ದು. ಕಂಡ ಕೂಡಲೇ ಮಾಡಬೇಕಾದ ಕೆಲಸ, ಬೇಕಾದ ಫೈಲುಗಳನ್ನು ನಕಲು ಮಾಡಿಕೊಳ್ಳುವುದು. ಪರೀಕ್ಷೆ, ದುರಸ್ತಿ ಎಲ್ಲ ಆಮೇಲೆ.

ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್‌ಫೋದಂಥ ಉಚಿತ ತಂತ್ರಾಂಶದಲ್ಲಿ ಸ್ಮಾರ್ಟ್ ವರದಿ ನೋಡಿ. ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದುಕೊಂಡ ದಿನಚರಿ ಇದು. ಹಾರ್ಡ್ ಡಿಸ್ಕಿನಲ್ಲಿ 05, ಸಿ5, ಸಿ6 ಎಂಬ ಸಾಲುಗಳು ಹಾಳಾದ ಮತ್ತು ಓದಲಾಗದ ಜಾಗದ ಲೆಕ್ಕ. ಅಲ್ಲಿನ ಮೂಲ ಮೌಲ್ಯ (ರಾ ವ್ಯಾಲ್ಯೂ) ಸೊನ್ನೆ ದಾಟಿ ಏರುತ್ತಿದ್ದರೆ ಆ ಡ್ರೈವನ್ನು ನಂಬಬೇಡಿ. ಸಿ7 ಸಾಲು ಬೇರೆಯದೇ ಕಥೆ: ಅದು ದತ್ತಾಂಶ ದಾರಿಯಲ್ಲಿ ಕೆಟ್ಟ ಲೆಕ್ಕ, ಹೆಚ್ಚಾಗಿ ಕೇಬಲಿನ ದೋಷ. ಕೇಬಲ್ ಬದಲಿಸಿದ ಮೇಲೂ ಆ ಸಂಖ್ಯೆ ಇಳಿಯುವುದಿಲ್ಲ. ಇನ್ನೂ ಏರುತ್ತಿದೆಯೇ ಎಂದಷ್ಟೇ ಗಮನಿಸಿ.

ವಿದ್ಯುತ್ ಹಠಾತ್ತನೆ ಹೋದ ಮೇಲೆ ಎಸ್‌ಎಸ್‌ಡಿ ಕಾಣದಾದರೆ ಒಂದು ಪ್ರಯತ್ನ ಮಾಡಬಹುದು. ದತ್ತಾಂಶದ ಕೇಬಲ್ ತೆಗೆದು ವಿದ್ಯುತ್ ಕೇಬಲ್ ಮಾತ್ರ ಜೋಡಿಸಿ ಅರ್ಧ ಗಂಟೆ ಹಚ್ಚಿಡಿ. ಎಂ.2 ಆದರೆ ಬಯಾಸ್ ಪರದೆಯಲ್ಲೇ ಅಷ್ಟು ಹೊತ್ತು ಬಿಡಿ. ಆ ಹೊತ್ತಿನಲ್ಲಿ ಡ್ರೈವ್ ತನ್ನ ಒಳಲೆಕ್ಕ ಸರಿಪಡಿಸಿಕೊಂಡು ಮರಳುವುದುಂಟು. ಎಲ್ಲ ಡ್ರೈವಿಗೂ ಇದು ಫಲಿಸುವುದಿಲ್ಲ, ಆದರೆ ಇದರಿಂದ ಕಳೆದುಕೊಳ್ಳುವುದೂ ಏನಿಲ್ಲ.

ಹಾರ್ಡ್ ಡಿಸ್ಕಿನಿಂದ ಟಕ್, ಟಕ್ ಎಂದು ಒಂದೇ ತಾಳದಲ್ಲಿ ಸದ್ದು ಬರುತ್ತಿದ್ದರೆ ತಕ್ಷಣ ಆರಿಸಿ. ಒಳಗಿನ ಓದುವ ತಲೆ ತನ್ನ ಜಾಗ ಹುಡುಕಲಾಗದೆ ಹಿಂದೆ ಮುಂದೆ ಹೊಡೆದುಕೊಳ್ಳುತ್ತಿದೆ. ಪ್ರತಿ ಸಲ ಹಚ್ಚಿದಾಗಲೂ ತಟ್ಟೆಯ ಮೇಲ್ಮೈ ಗೀರಿಹೋಗುವ ಅಪಾಯವಿದೆ. ಫ್ರೀಜರ್‌ನಲ್ಲಿಡುವುದು, ತಟ್ಟುವುದು, ಮುಚ್ಚಳ ಬಿಚ್ಚುವುದು ಯಾವುದನ್ನೂ ಮಾಡಬೇಡಿ. ಫ್ರೀಜರ್‌ನಿಂದ ತೆಗೆದ ಡ್ರೈವಿನೊಳಗೆ ತೇವ ಕಟ್ಟಿಕೊಳ್ಳುತ್ತದೆ. ಮುಚ್ಚಳ ತೆಗೆದರೆ ಕಣ್ಣಿಗೆ ಕಾಣದ ಒಂದು ಧೂಳಿನ ಕಣವೇ ತಟ್ಟೆಯನ್ನು ಹಾಳುಮಾಡಲು ಸಾಕು. ಇಲ್ಲಿಂದ ಮುಂದೆ ಅದು ಧೂಳುರಹಿತ ಕೋಣೆಯಿರುವ ದತ್ತಾಂಶ ಮರುಪಡೆಯುವ ಪ್ರಯೋಗಾಲಯದವರ ಕೆಲಸ.

ಡ್ರೈವ್ ಇನ್ನೂ ವಾರಂಟಿಯಲ್ಲಿದ್ದರೆ ಅದನ್ನು ತಯಾರಕರಿಗೆ ಕಳಿಸುವ ಮೊದಲು ಇಷ್ಟು ತಿಳಿದಿರಿ: ವಾರಂಟಿಯಲ್ಲಿ ನಿಮಗೆ ಮರಳಿ ಬರುವುದು ಬದಲಿ ಡ್ರೈವ್, ನಿಮ್ಮ ಫೈಲುಗಳಲ್ಲ; ಕಳಿಸಿದ ಹಳೆಯ ಡ್ರೈವನ್ನು ಹೆಚ್ಚಾಗಿ ಹಿಂದಿರುಗಿಸುವುದಿಲ್ಲ. ದತ್ತಾಂಶ ಬೇಕಿದ್ದರೆ ಮೊದಲು ಪ್ರಯೋಗಾಲಯ, ಆಮೇಲೆ ವಾರಂಟಿ. ಪ್ರಯೋಗಾಲಯದವರು ಡ್ರೈವ್ ತೆರೆದರೆ ವಾರಂಟಿ ಉಳಿಯುತ್ತದೆಯೇ ಎಂದು ತಯಾರಕರನ್ನು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದು, ಲೇಬಲ್ಲಿನ ಮೇಲಿನ ಕ್ರಮಸಂಖ್ಯೆಯ ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಡ್ರೈವ್ ಕೈಬಿಡಿ.